ಎರಡನೆಯವಳ ಓಟ

ಬೆಟಗೇರಿಯ ನಮ್ಮ ನೇಕಾರರ ಮನೆಯಲ್ಲಿ ಮೊದಲು ಡಿಗ್ರಿ ಮುಗಿಸಿದವಳು ನಾನು. ಈಗ ಮುಂಡರಗಿಯಲ್ಲಿ ಹೈಸ್ಕೂಲಿನ ಆಟದ ಟೀಚರ್. ರಷ್ಯಾದ ಓಟಗಾರ್ತಿಯೊಬ್ಬಳು ಒಲಿಂಪಿಕ್ಸ್‌ನಲ್ಲಿ ಎಂಟುನೂರು ಮೀಟರ್ ಓಟ ಗೆದ್ದ ವಿಡಿಯೋವನ್ನು ಪ್ರತಿವರ್ಷ ಹುಡುಗಿಯರಿಗೆ ತೋರಿಸಿ, "ಓಡಿದ್ರ ಹಿಂಗ ಓಡ್ರಿ" ಎನ್ನುತ್ತಿದ್ದೆ. ಆಕೆ ಉದ್ದೀಪನ ಮದ್ದು ತೆಗೆದುಕೊಂಡು ಓಡಿದ್ದಳೆಂದು ಪದಕ ಕಿತ್ತುಕೊಂಡ ಸುದ್ದಿ ಬಂತು. ಮುಚ್ಚಿಡದೆ ಅದನ್ನೂ ಹೇಳಿದೆ.

"ಅಯ್ಯ, ನಿಮ್ಮಾಕಿ ಕಳ್ಳಿ ಆದ್ಲಲ್ರಿ ಟೀಚರ್!" ಎಂದು ಎಲ್ಲರೂ ನಕ್ಕರು.

ತಾಲೂಕು ಓಟದಲ್ಲಿ ಪ್ರತಿಸಲ ಎರಡನೆಯವಳಾಗಿ ಬೇಸತ್ತು, ಇನ್ನು ಓಡುವುದಿಲ್ಲ ಎಂದು ಬೆಳಿಗ್ಗೆಯಷ್ಟೇ ಹೇಳಿದ್ದ ಹುಡುಗಿ ಮಾತ್ರ ನಗಲಿಲ್ಲ.

"ಆ ಪದಕ ಈಗ ಯಾರಿಗ್ರಿ?"

"ಎರಡನೇದಾಕಿಗೆ."

"ಆಕಿ ಹೆಂಗ ಓಡಿದ್ಲ್ರಿ?"

ಕಷ್ಟಪಟ್ಟು ಓದಿದವಳು ನಾನು, ಗೊತ್ತಿಲ್ಲ ಅನ್ನಲು ಸಂಕೋಚ. ಆದರೂ ಅಂದೆ. ಅಷ್ಟು ವರ್ಷವೂ ನನ್ನ ಕಣ್ಣು ಗೆದ್ದವಳ ಮೇಲೆಯೇ ಇತ್ತು. ಮೊಬೈಲ್ ತೆಗೆದು ಅದೇ ವಿಡಿಯೋ ಮತ್ತೆ ನೋಡಿದೆವು. ಕೊನೆಯ ತಿರುವಿನಲ್ಲಿ ಆ ಎರಡನೆಯವಳು ನಾಲ್ವರನ್ನು ಹಿಂದೆ ಹಾಕಿದ್ದಳು. "ಓಡವ್ವಾ, ಓಡ!" ಎಂದು ಹುಡುಗಿಯರೆಲ್ಲ ಕೂಗಿದರು.

"ಲೇ, ಓಟ ಬಿಡ್ತೀನಿ ಅಂತಿದ್ದೆಲ್ಲ?" ಎಂದು ಗೆಳತಿ ಆ ಹುಡುಗಿಯನ್ನು ಕೆಣಕಿದಳು.

"ಸುಮ್ನಿರಲೇ. ಟೀಚರ್, ಆ ತಿರುವು ಇನ್ನೊಮ್ಮೆ ಹಚ್ಚರಿ. ಆಕಿ ಕೈ ಹೆಂಗ ಬೀಸ್ಯಾಳ ನೋಡೂನು."