ಹೊಸ ಅಕ್ಕಿಗೆ ಹಳೆ ಅಕ್ಕಿಯ ನೀರು

ಮೊನ್ನೆ ಪಕ್ಕದ ಮನೆಯಿಂದ ಅನ್ನ ಸೀದ ವಾಸನೆ ಬಂತು. ಆ ಮನೆಯ ಹೊಸ ಸೊಸೆ ಸ್ಟೌವ್ ಮೇಲೆ ಪಾತ್ರೆ ಇಟ್ಟು ಫೋನ್ ಹಿಡಿದು ಕೂತಿರಬೇಕು. ಎದ್ದು ಕಿಟಕಿ ಮುಚ್ಚಿದೆ. ವಾಸನೆ ಹೋಯಿತು, ಅಕ್ಕನ ನೆನಪು ಹೋಗಲಿಲ್ಲ...

ಆಗ ನಾವು ಆರ್‌ಪಿಸಿ ಲೇಔಟಿನ ಒಂದು ವಠಾರದಲ್ಲಿದ್ದೆವು. ನಮ್ಮ ಗೋಡೆಯಾಚೆಯ ಮನೆ ಅವರದು. ಸ್ವಂತ ಅಕ್ಕನೇನಲ್ಲ. ಮದುವೆಯಾದ ಹೊಸದರಲ್ಲಿ ನನ್ನ ಅನ್ನ ದಿನಾ ತಳ ಹಿಡಿಯುವುದನ್ನು ನೋಡಲಾರದೆ ಒಳಗೆ ಬಂದು ಸೌಟು ಕಿತ್ತುಕೊಂಡವರು. ಕುದಿ ಬಂದ ಮೇಲೆ ಉರಿ ಸಣ್ಣ ಮಾಡಬೇಕು, ಸುಮ್ಮನೆ ಕೈಯಾಡಿಸಬಾರದು, ನೀರು ಇಂಗಿದ ಮೇಲೆ ಆರಿಸಿ ಹತ್ತು ನಿಮಿಷ ಮುಚ್ಚಳ ತೆಗೆಯಬಾರದು. ಅದಕ್ಕೂ ಮೊದಲು ಎರಡು ಕಾಳು ಅಕ್ಕಿ ಕಡಿದು ನೋಡಬೇಕು. ಟಕ್ಕೆಂದು ಒಡೆದರೆ ಹಳೆಯದು, ನೀರು ಜಾಸ್ತಿ ಕುಡಿಯುತ್ತದೆ. ಮೆತ್ತಗಿದ್ದರೆ ಹೊಸದು, ಅಷ್ಟೇ ನೀರಿಟ್ಟರೆ ಮುದ್ದೆಯಾಗಿ ತಳ ಹಿಡಿಯುತ್ತದೆ. ಇದೆಲ್ಲ ಅವರು ಕಲಿಸಿದ್ದೇ.

ಕೆಲವು ವರ್ಷಗಳ ಮೇಲೆ ನನ್ನ ಗಂಡನ ಫ್ಯಾಕ್ಟರಿ ಮುಚ್ಚಿತು. ನನಗೂ ಕೆಲಸ ಸಿಗದಿದ್ದರೆ ಮಗಳನ್ನು ಮಾಗಡಿಯ ತವರಿಗೆ ಕಳಿಸಬೇಕಾಗುತ್ತದೆ ಎಂದು ಅಕ್ಕನ ಮುಂದೆ ಅತ್ತಿದ್ದೆ. ವಿಜಯನಗರದ ಲೇಡೀಸ್ ಪಿ.ಜಿ.ಗೆ ಅಡುಗೆಯವಳು ಬೇಕಂತೆ ಎಂಬ ಸುದ್ದಿ ಸಿಕ್ಕಾಗ ಮೊದಲು ಹೇಳಿದ್ದೂ ಅವರಿಗೇ. ಧೈರ್ಯಕ್ಕಿರಲಿ ಎಂದು ಜೊತೆಗೆ ಬಂದರು.

ಪಿ.ಜಿ.ಯ ಓನರ್ ಆಂಟಿ ಹತ್ತು ಜನಕ್ಕೆ ಅನ್ನ ಮಾಡಿ ತೋರಿಸು ಎಂದು ಹಾಲ್‌ನಲ್ಲಿ ಹೋಗಿ ಕೂತರು. ನಾನು ಪಾತ್ರೆ ತೊಳೆಯಲು ನಿಂತೆ. ಮೂಲೆಯಲ್ಲಿ ಬಾಯಿ ಬಿಚ್ಚಿದ ಅಕ್ಕಿ ಮೂಟೆಯಿತ್ತು.

"ಅಕ್ಕ, ಹಳೇದಾ ಹೊಸದಾ ನೋಡಿ ಸ್ವಲ್ಪ" ಎಂದೆ.

ಅವರು ಎರಡು ಕಾಳು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಕಡಿದರು. "ಹಳೇದೇ ಕಣೇ. ನೀರು ಧಾರಾಳವಾಗಿ ಇಡು."

ಇಟ್ಟೆ. ಮುಚ್ಚಳ ತೆಗೆದಾಗ ಮೇಲೆ ಗಂಜಿ, ಕೆಳಗೆ ಕಪ್ಪು. ಓನರ್ ಆಂಟಿ ಮುಖ ಸಿಂಡರಿಸಿದರು. ನಾನು ಮೂಟೆಯ ಹತ್ತಿರ ಹೋಗಿ ಎರಡು ಕಾಳು ಕಡಿದೆ. ಮೆತ್ತಗಿತ್ತು. ತಿರುಗಿ ನೋಡಿದರೆ ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬೇರೆ ಪಾತ್ರೆ ತೊಳೆಯುತ್ತಿದ್ದರು. ನನ್ನ ಕಡೆ ನೋಡಲೇ ಇಲ್ಲ.

ಕೆಲಸ ಅವರಿಗೇ ಸಿಕ್ಕಿತು. ಅವರಿಗೂ ಅದು ಬೇಕಿತ್ತು ಎಂದು ನನಗೆ ಗೊತ್ತಿರಲಿಲ್ಲ. ಬಾಯಿಬಿಟ್ಟು ಕೇಳಿದ್ದರೆ ಬಿಟ್ಟುಕೊಡುತ್ತಿದ್ದೆನೇನೋ... ಇಲ್ಲ, ಸುಳ್ಳು ಯಾಕೆ, ಬಿಟ್ಟುಕೊಡುತ್ತಿರಲಿಲ್ಲ. ಆದರೆ ಜಗಳ ಎದುರೆದುರೇ ಆಗುತ್ತಿತ್ತು. ಹೀಗೆ ಬೆನ್ನಿಗೆ ಚೂರಿ ಹಾಕಿದ್ದಕ್ಕೆ ನನ್ನ ಹೊಟ್ಟೆ ಇವತ್ತಿಗೂ ಉರಿಯುತ್ತದೆ.

ಮಗಳು ಎರಡು ವರ್ಷ ಮಾಗಡಿಯಲ್ಲಿ ಓದಿದಳು. ವಾಪಸ್ ಬಂದ ಮೇಲೂ ಎಷ್ಟೋ ದಿನ ನನ್ನ ಪಕ್ಕ ಮಲಗದೆ ಗೋಡೆ ಕಡೆ ತಿರುಗಿ ಮಲಗುತ್ತಿದ್ದಳು. ಅಷ್ಟರಲ್ಲಿ ನಾವು ಸುಂಕದಕಟ್ಟೆಗೆ ಮನೆ ಬದಲಿಸಿದ್ದೆವು. ಹೊರಡುವ ದಿನ ಅಕ್ಕ ಬಾಗಿಲಲ್ಲಿ ನಿಂತಿದ್ದರು, ನಾನು ಮಾತಾಡಿಸಲಿಲ್ಲ.

ಹೋದ ವರ್ಷ ಅವರು ತೀರಿಕೊಂಡರಂತೆ. ಯಾಕೆ ಹಾಗೆ ಮಾಡಿದಿರಿ ಎಂದು ಒಂದು ಸಲವಾದರೂ ಕೇಳಬೇಕಿತ್ತು. ಕೇಳಿದ್ದರೆ, ಅವಸರದಲ್ಲಿ ಗೊತ್ತಾಗಲಿಲ್ಲ ಕಣೇ ಎಂದು ಇನ್ನೊಂದು ಸುಳ್ಳು ಹೇಳುತ್ತಿದ್ದರೇನೋ. ನಾನು ನಂಬಿಬಿಡುತ್ತಿದ್ದೆ.