ಸುಳ್ಳು ಹೇಳುವುದನ್ನು ಬಿಟ್ಟವಳು

ಮೊದಲ ದಿನ ಅವಳು ತಪ್ಪು ಕೋಣೆಗೆ ನುಗ್ಗಿದ್ದಳು. ವಾಚನಾಲಯದ ಹಿಂಬದಿಯಲ್ಲಿ ಎದುರುಬದುರಾಗಿ ಎರಡು ಕೋಣೆಗಳಿದ್ದವು. ಎಡಗಡೆಯದರಲ್ಲಿ ಗಂಡಸರು ಪ್ಲಾಸ್ಟಿಕ್ ಕುರ್ಚಿಗಳನ್ನು ದುಂಡಗೆ ಹಾಕಿಕೊಂಡು ಕುಳಿತಿದ್ದರು. ಮೂಲೆಯ ಮೇಜಿನ ಮೇಲೆ ಚಹಾದ ಫ್ಲಾಸ್ಕು, ತೊಳೆದು ಬೋರಲು ಹಾಕಿದ ಲೋಟಗಳು. ಮೇಲೆ ಫ್ಯಾನು ಕಟಕಟ ಎನ್ನುತ್ತಿತ್ತು. ಬಾಗಿಲಲ್ಲೇ ನಿಂತುಬಿಟ್ಟ ಅವಳನ್ನು ನೋಡಿ ನರೆಗಡ್ಡದವನೊಬ್ಬ ಎದ್ದು ಬಂದ.

"ಕುಡಿಯೋದು ನೀವೋ, ಮನೆಯವರೋ, ತಾಯಿ?"

"ಅಯ್ಯೋ, ನಾನಲ್ಲಪ್ಪ! ನಮ್ಮನೆಯವರು."

"ಹಾಗಾದ್ರೆ ಎದುರಿನ ಕೋಣೆ. ಇಲ್ಲಿರೋರು ಕುಡಿದು ಕೆಟ್ಟವರು, ಅಲ್ಲಿರೋರು ನಮ್ಮಂಥವರನ್ನ ಕಟ್ಟಿಕೊಂಡು ಕೆಟ್ಟವರು."

ಎದುರಿನ ಕೋಣೆಯಲ್ಲಿ ಹೆಂಗಸರೇ ಹೆಚ್ಚು. ಎಲ್ಲರೂ ಟೀಚರಮ್ಮ ಎಂದು ಕರೆಯುತ್ತಿದ್ದ ಹಿರಿಯಾಕೆ ಕುರ್ಚಿ ಎಳೆದುಕೊಟ್ಟು, "ಏನಾಗಬೇಕಿತ್ತಮ್ಮ?" ಎಂದರು.

"ಚಹಾಕ್ಕೆ ಬೆರೆಸೋ ಪುಡಿ ಏನಾದ್ರೂ ಇದ್ರೆ ಕೊಡಿ. ಆಮೇಲೆ ಹೆಂಡ ಕುಡಿದ ಕೂಡಲೇ ವಾಂತಿ ಆಗ್ಬೇಕು. ನಾಲ್ಕು ಜನರ ಎದುರಿಗೇ ಆಗ್ಬೇಕು."

ಕೋಣೆ ಗೊಳ್ಳೆಂದಿತು. ಅವಳಿಗೆ ನಗು ಬರಲಿಲ್ಲ.

ಅವಳದು ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸ. ಆಸ್ಪತ್ರೆಯ ಹಾಸುಬಟ್ಟೆಗಳೆಲ್ಲ ಅವಳ ಕೈ ದಾಟಿ ಹೋಗುತ್ತಿದ್ದವು. ಬಟ್ಟೆ ಒಯ್ಯಲು ಬರುತ್ತಿದ್ದ ನರ್ಸ್ ಒಬ್ಬಳು ಕುಡಿತ ಬಿಡಿಸುವ ಈ ಸಭೆಯ ವಿಳಾಸ ಹೇಳಿದ್ದಳು. ಗಂಡ ಲಿಫ್ಟ್ ಮೆಕ್ಯಾನಿಕ್. ಅವನು ಕುಡಿಯುತ್ತಾನೆ ಎಂಬುದಕ್ಕಿಂತ ಅವನು ಆಡಿದ ಒಂದು ಮಾತು ಅವಳನ್ನು ಸುಡುತ್ತಿತ್ತು. ಅವಳ ಅಪ್ಪ ತೀರಿಕೊಂಡ ದಿನವೂ ಅವನು ಕುಡಿದೇ ಬಂದಿದ್ದ. ಅವಳ ದೊಡ್ಡಪ್ಪ ಗದರಿದಾಗ, "ಇವಳ ಬಾಯಿಗೆ ಹೆದರಿ ಕುಡೀತೀನಿ, ದೊಡ್ಡಪ್ಪ. ಇಂಥವಳನ್ನ ಕಟ್ಟಿಕೊಂಡಿದ್ರೆ ನೀವೂ ಕುಡೀತಿದ್ರಿ" ಎಂದಿದ್ದ. ಅಪ್ಪನ ಹೆಣ ಇನ್ನೂ ಮನೆಯೊಳಗಿತ್ತು, ನೆಂಟರು ನಕ್ಕಿದ್ದರು. ಅಂದಿನಿಂದ ಅವರ ಬಾಯಲ್ಲಿ ಅವಳು ಬಾಯಿಬಡುಕಿಯಾದಳು. ಆ ಮಾತು ಸುಳ್ಳೆಂದು ಅದೇ ಬಾಯಿಂದ, ಜನರ ಎದುರಿಗೆ ಹೇಳಿಸಬೇಕು. ಅವಳಿಗೆ ಬೇಕಾಗಿದ್ದುದು ಅಷ್ಟೇ.

"ಅವರು ಕೆಲಸಕ್ಕೆ ಹೋಗದ ದಿನ ಫೋನ್ ಮಾಡಿ ಹೇಳೋದು ಯಾರು?" ಟೀಚರಮ್ಮ ಕೇಳಿದರು.

"ನಾನೇ. ಜ್ವರ ಅಂತೀನಿ. ಜ್ವರ ನಂಬದೆ ಹೋದ್ರೆ ಅತ್ತೆ ತೀರಿಕೊಂಡ್ರು ಅಂತೀನಿ."

"ಅಯ್ಯೋ ಪಾಪ, ಅತ್ತೆ ಇಲ್ಲವಾ?"

"ಗುಂಡುಕಲ್ಲಿನ ಹಾಗಿದ್ದಾರೆ. ಎರಡು ಸಲ ಸಾಯಿಸಿದೀನಿ."

ಈ ಸಲ ಅವಳೂ ನಕ್ಕಳು. ಟೀಚರಮ್ಮ ಮಾತ್ರ ನಗಲಿಲ್ಲ. "ಇನ್ನು ಅವರ ಪರವಾಗಿ ಸುಳ್ಳು ಹೇಳಬೇಡಿ. ಸೇಡಿಗಲ್ಲ, ನಿಮ್ಮ ನೆಮ್ಮದಿಗೆ" ಎಂದರು. ಮೊದಲ ಮಾತನ್ನು ಅವಳು ಗಂಟುಕಟ್ಟಿಕೊಂಡಳು. ಎರಡನೆಯದನ್ನು ಅಲ್ಲೇ ಬಿಟ್ಟು ಬಂದಳು.

ಮುಂದಿನ ಸೋಮವಾರ ಗಂಡ ಹಾಸಿಗೆಯಿಂದಲೇ ಕೂಗಿದ. "ಫೋನ್ ಮಾಡೇ, ಜ್ವರ ಅನ್ನು." ಅವಳು ಪಾತ್ರೆ ತೊಳೆಯುತ್ತಲೇ ಇದ್ದಳು. ಕೊನೆಗೆ ಅವನ ಸೂಪರ್‌ವೈಸರೇ ಫೋನ್ ಮಾಡಿದ. ಅವಳು ಕೈ ಒರೆಸಿಕೊಂಡು ಫೋನನ್ನು ಅತ್ತೆಯ ಕಿವಿಗೆ ಹಿಡಿದಳು.

"ಯಾರಪ್ಪಾ? ನಾನು ಅವನ ತಾಯಿ ಮಾತಾಡ್ತಿರೋದು... ಹಾಂ, ಹೆತ್ತ ತಾಯೀನೇ... ಏನು, ತೀರಿಕೊಂಡಿದ್ದೆನಾ?... ಜ್ವರವೂ ಇಲ್ಲ ಗಿರವೂ ಇಲ್ಲ, ಕುಡಿದು ಬಿದ್ಕೊಂಡಿದಾನೆ."

ಫೋನ್ ಇಟ್ಟ ಮೇಲೆ ಅತ್ತೆ ಸೊಸೆಯತ್ತ ತಿರುಗಿದರು. "ನಾನು ಯಾವಾಗ ಸತ್ತೆನೇ?"

"ಹೋದ ವರ್ಷ ಒಂದು ಸಲ, ಈ ವರ್ಷ ಒಂದು ಸಲ. ನಿಮ್ಮ ಮಗನ ಮಾನ ಉಳಿಸೋದಕ್ಕೆ, ಅತ್ತೆ."

"ಮುಂದಿನ ಸಲ ಅವನನ್ನೇ ಸಾಯಿಸು" ಎಂದು ಅತ್ತೆ ಮುಖ ತಿರುಗಿಸಿಕೊಂಡರು.

ಕುಡಿದ ಕೈಗೆ ಲಿಫ್ಟ್ ಕೊಟ್ಟರೆ ಜನರ ಜೀವ ಹೋಗುತ್ತದೆ, ಕುಡಿತ ಬಿಟ್ಟ ಮೇಲೆ ಬಾ ಎಂದು ಸೂಪರ್‌ವೈಸರ್ ಮರುದಿನ ಅವನನ್ನು ಮನೆಗೆ ಕಳಿಸಿದ. ಅವಮಾನದಿಂದ ಕುಗ್ಗಿ ಕುಳಿತ ಗಂಡನನ್ನು ನೋಡಿ ಅವಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಸಭೆಯ ದಾರಿಯನ್ನು ಅವಳೇ ತೋರಿಸಿದಳು. ಅವನು ಎಡಗಡೆಯ ಕೋಣೆಗೆ ಹೋದ. ಬಿದ್ದು ಎದ್ದು, ಮತ್ತೆ ಬಿದ್ದು, ಕಡೆಗೂ ಕುಡಿಯುವುದನ್ನು ಬಿಟ್ಟ. ಕೆಲಸವೂ ಮರಳಿ ಸಿಕ್ಕಿತು.

ವರ್ಷಕ್ಕೊಮ್ಮೆ ಎರಡೂ ಕೋಣೆಯವರು ಒಟ್ಟಿಗೆ ಸೇರುತ್ತಿದ್ದರು. ಆ ಸಂಜೆ ಅವನು ಎದ್ದು ನಿಂತು, "ನನ್ನ ಹೆಂಡ್ತಿ ದೇವತೆ. ಎಲ್ಲ ಮರೆತು ನನ್ನನ್ನ ಕ್ಷಮಿಸಿದ್ಲು" ಎಂದ. ಚಪ್ಪಾಳೆಯೋ ಚಪ್ಪಾಳೆ. ಇಷ್ಟು ವರ್ಷ ಅವನ ವಾಂತಿ ಬಳಿದ ಕೈಗೆ ಯಾರೂ ಚಪ್ಪಾಳೆ ತಟ್ಟಿರಲಿಲ್ಲ. ಅವಳಿಗೆ ಮೈಯೆಲ್ಲ ಉರಿಯಿತು.

"ನಾನೇನೂ ಮರೆತಿಲ್ಲ ರೀ" ಎನ್ನುತ್ತಾ ಎದ್ದಳು. "ನಮ್ಮಪ್ಪ ಸತ್ತ ದಿನ ಏನಂದ್ರಿ? ಹೇಳಿ."

"ಅದೆಲ್ಲ ಇಲ್ಲಿ ಯಾಕೆ? ಮನೇಲಿ ಮಾತಾಡೋಣ."

"ಚಪ್ಪಾಳೆ ಇಲ್ಲೇ ತಾನೇ ತಗೊಂಡಿದ್ದು?"

ಅವನು ತಲೆ ತಗ್ಗಿಸಿದ. "ಇವಳ ಬಾಯಿಗೆ ಹೆದರಿ ಕುಡೀತೀನಿ ಅಂದಿದ್ದೆ. ಸುಳ್ಳು. ಮದುವೆಗೆ ಮುಂಚಿನಿಂದಲೂ ಕುಡೀತಿದ್ದೆ."

"ಜೋರಾಗಿ ಹೇಳಿ. ಹಿಂದೆ ಕೂತವರಿಗೆ ಕೇಳಿಸಲಿಲ್ಲ."

ಅವನು ಮತ್ತೊಮ್ಮೆ ಹೇಳಿದ. ಅವಳು ಕುಳಿತಾಗ ಟೀಚರಮ್ಮ ಅವಳ ಕೈ ಹಿಡಿದುಕೊಂಡು, "ಮನಸ್ಸು ಹಗುರಾಯ್ತೇನಮ್ಮ?" ಎಂದರು.

"ಇಲ್ಲ ಟೀಚರಮ್ಮ. ಅವತ್ತು ನಕ್ಕವರು ಯಾರೂ ಇಲ್ಲಿಲ್ಲ."

ಈಗ ಶನಿವಾರ ಇಬ್ಬರೂ ಸಭೆಗೆ ಹೋಗುತ್ತಾರೆ. ಅವನು ಎಡಕ್ಕೆ, ಅವಳು ಬಲಕ್ಕೆ. ಭಾನುವಾರ ಅವಳು ಅವನನ್ನು ಕರೆದುಕೊಂಡು ಅವತ್ತು ನಕ್ಕ ನೆಂಟರಲ್ಲಿ ಒಬ್ಬರ ಮನೆಗೆ ಹೋಗುತ್ತಾಳೆ. ಅವನು ಆ ಮಾತು ಸುಳ್ಳೆಂದು ನಿಂತು ಹೇಳುತ್ತಾನೆ. ಅವಳು ಪಕ್ಕದಲ್ಲಿ ನಿಂತು ಮನೆಯವರ ಮುಖವನ್ನೇ ನೋಡುತ್ತಾಳೆ.