ಮಾವನಿಗಿಲ್ಲದ ಮಗನ ಹೆಂಡತಿ

ನನಗೆ ಮದುವೆಯಾಗಿಲ್ಲ. ಆದರೂ ಈ ವರ್ಷ ಕುಂದಾಪುರದ ಒಂದು ವಿಮಾ ಕಚೇರಿಯಲ್ಲಿ ನನಗೊಬ್ಬ ಗಂಡ ಸಿಕ್ಕಿದ. ಮಾವನ ಮಗನಂತೆ. ಮಾವ ಮದುವೆಯೇ ಆದವರಲ್ಲ ಎನ್ನುವುದು ಆ ಕಚೇರಿಗೆ ದೊಡ್ಡ ಅಡ್ಡಿಯಾಗಿ ಕಾಣಲಿಲ್ಲ.

ಮಾವ ಅಂದರೆ ನನ್ನ ಅಮ್ಮನ ಅಣ್ಣ. ವಂಡ್ಸೆಯಲ್ಲಿ ರಸ್ತೆ ಬದಿಗೆ ಕೊಬ್ಬರಿ ಎಣ್ಣೆಯ ಮಿಲ್ಲು ನಡೆಸುತ್ತಿದ್ದರು. ಅಮ್ಮ ತೀರಿಕೊಂಡಾಗ ನನಗೆ ಎಂಟು ವರ್ಷ. ಅಪ್ಪ ಮುಂಬೈಗೆ ಹೋದವರು ಅಲ್ಲೇ ಉಳಿದಿದ್ದರು. ಮಾವ ನನ್ನನ್ನು ಕರೆದುಕೊಂಡು ಬಂದರು. ಎಸ್ಸೆಸ್ಸೆಲ್ಸಿ ಮುಗಿಸಿ ನಾನು ಮಿಲ್ಲಿನಲ್ಲೇ ನಿಂತೆ. ಈ ಬೇಸಿಗೆ ಶುರುವಾಗುವ ಹೊತ್ತಿಗೆ, ಒಂದು ಬೆಳಿಗ್ಗೆ, ಅಂಗಳದಲ್ಲಿ ಕೊಬ್ಬರಿ ಹರಡುತ್ತಿದ್ದ ಮಾವ ದಣಿವಾಯಿತೆಂದು ಕೂತರು. ಮತ್ತೆ ಏಳಲಿಲ್ಲ.

ಅವರ ಕೊನೆಯ ದಿನಗಳು ಕಾನೂನಿನ ಸುಗ್ಗಿಯ ಕಾಲ. ಕೊಬ್ಬರಿ ಎಣ್ಣೆ ಅಡುಗೆಯದೋ ತಲೆಯದೋ ಎಂದು ದೇಶದ ಅತಿ ದೊಡ್ಡ ನ್ಯಾಯಾಲಯದವರೆಗೆ ವರ್ಷಗಟ್ಟಲೆ ವಾದ ನಡೆದಿತ್ತು. ಅಡುಗೆಯದಾದರೆ ತೆರಿಗೆ ಕಡಿಮೆ, ತಲೆಯದಾದರೆ ಜಾಸ್ತಿ. ಅದೇ ಡಬ್ಬದಿಂದ ಬಂಗುಡೆ ಹುರಿದು, ಅದೇ ಡಬ್ಬದಿಂದ ನನ್ನ ತಲೆಗೆ ಹಚ್ಚುತ್ತಿದ್ದ ಮಾವನಿಗೆ ಇದು ಹೊಳೆದೇ ಇರಲಿಲ್ಲ.

"ಆ ಎಣ್ಣಿಗೇ ಗೊತ್ತಿಲ್ಲೆ, ಮಂಡಿಗ್ ಹೋತ್ತಾ ಹೊಟ್ಟಿಗ್ ಹೋತ್ತಾ ಅಂದೇಳಿ. ನಾ ಹೆಂಗ್ ಹೇಳುದ್?" ಎಂದರು.

ತಲೆಗೆ ಎಂದು ಬರೆದು ಮಾರದಿದ್ದರೆ ಸಣ್ಣ ಬಾಟಲಿಯದ್ದೂ ಅಡುಗೆ ಎಣ್ಣೆಯೇ ಎಂದು ತೀರ್ಪು ಬಂತು. ನಮ್ಮ ಲೇಬಲ್ಲಿನಲ್ಲಿ ಮೊಣಕಾಲವರೆಗೆ ಜಡೆ ಬಿಟ್ಟ ಒಬ್ಬ ಹೆಂಗಸಿದ್ದಳು. ತೆರಿಗೆ ಕಾಗದ ನೋಡಿಕೊಳ್ಳುವವರು, "ಆ ಜಡಿ ತೆಗಿನಿ, ಮತ್ತೆ ಕೇಣ್ತ್ರ್" ಎಂದರು. ನಾನೂ ಮಾವನೂ ಮೂರು ದಿನ ಕೂತು ಅವಳ ತಲೆಗೂ ಜಡೆಗೂ ಬಿಳಿ ಕಾಗದ ಅಂಟಿಸಿದೆವು. ಆಮೇಲೆ ಸರಕಾರ ತಲೆ ಎಣ್ಣೆಯ ತೆರಿಗೆಯನ್ನೂ ಇಳಿಸಿ ಎರಡನ್ನೂ ಒಂದೇ ಮಾಡಿತು. ಅಷ್ಟರಲ್ಲಿ ಆ ಹೆಂಗಸು ಊರೆಲ್ಲ ಬೋಳಾಗಿ ತಿರುಗುತ್ತಿದ್ದಳು.

ಹಿಂದೆಯೇ ಕೆಲಸಗಾರರ ಕಾನೂನು ಬಂತು. ಪ್ರತಿಯೊಬ್ಬರಿಗೂ ನೇಮಕಾತಿ ಪತ್ರ ಕೊಡಬೇಕೆಂದು ಸುದ್ದಿಯಾಯಿತು. ಇಬ್ಬರೇ ಕೆಲಸದವರಿರುವ ನಮ್ಮ ಮಿಲ್ಲಿಗೆ ಅದು ಅನ್ವಯಿಸುತ್ತದೆಯೇ ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳಿದರು. ಕೊಟ್ಟಿಡುವುದು ಕ್ಷೇಮವೆಂದು ಮಾವ ತಾವೇ ಬರೆದರು. ಮೆಶಿನ್ ನೋಡುವವರದು ಸುಲಭವಾಯಿತು. ಕೊಬ್ಬರಿ ಒಣಗಿಸುವ ಅಜ್ಜಿಯದು ಕಷ್ಟವಾಯಿತು. ಕೆಲಸಕ್ಕೆ ಸೇರಿದ ದಿನ ಕೇಳಿದರೆ "ನಿಮ್ಗ್ ಮೀಸಿ ಬಪ್ಪುಕ್ ಮುಂಚಿ" ಎಂದರು. ಹುದ್ದೆ ಕೇಳಿದರೆ "ಕೊಬ್ರಿ ತಿಂಬುಕ್ ಬಪ್ಪು ಕಾಕಿ ಓಡ್ಸುದ್" ಎಂದರು. ಮಾವ ಎರಡನ್ನೂ ಹಾಗೆಯೇ ಬರೆದು ಸಹಿ ಹಾಕಿದರು.

"ಹಾಂಗಾರೆ ಇಷ್ಟ್ ವರ್ಷ ನಾ ಎಂತ ನೆಂಟ್ರ್ ಮನಿಗ್ ಬಂದಂಗ್ ಬತ್ತಾ ಇದ್ದದ್ದಾ?" ಎಂದು ಅಜ್ಜಿ ಪತ್ರವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

ನನಗೆ ಪತ್ರ ಇಲ್ಲವೇ ಎಂದು ತಮಾಷೆಗೆ ಕೇಳಿದೆ. "ನಿಂಗೆಂತ ಪತ್ರ? ನೀ ಸೊಸಿ ಅಲ್ದಾ" ಎಂದರು ಮಾವ.

ಈಗ ಯೋಚಿಸಿದರೆ, ಆ ಮನೆಯಲ್ಲಿ ಕಾಗದವಿಲ್ಲದೆ ಇದ್ದವಳು ನಾನೊಬ್ಬಳೇ. ನನ್ನ ಹೆಸರು ಅವರ ಹೆಸರಿನ ಜೊತೆ ಬರೆದಿದ್ದದ್ದು ಒಂದೇ ಕಡೆ, ಅವರ ಜೀವ ವಿಮೆಯಲ್ಲಿ, ನಾಮಿನಿಯೆಂದು. ಅದರ ಕಂತಿನ ಮೇಲಿನ ತೆರಿಗೆಯನ್ನೂ ಈಚೆಗೆ ತೆಗೆದಿದ್ದರು. "ಸಾಯುದಕ್ಕ್ ಟ್ಯಾಕ್ಸ್ ಇಲ್ಲೆ ಈಗ" ಎಂದು ಮಾವ ಖುಷಿಯಲ್ಲಿ ಒಂದು ಕಂತು ಕಟ್ಟಿ ಬಂದರು. ಆ ರಿಯಾಯಿತಿ ಅವರಿಗೆ ದಕ್ಕಿದ್ದು ಆ ಒಂದು ಸಲ.

ಮಿಲ್ಲು ಅವರೊಬ್ಬರ ಹೆಸರಿನಲ್ಲಿತ್ತು. ಅವರು ಹೋದ ಮೇಲೆ ಬ್ಯಾಂಕಿನ ಖಾತೆ ನಿಂತಿತು, ಜಿಎಸ್‌ಟಿ ನಂಬರೂ ಹೋಯಿತು. ನನ್ನ ಹೆಸರಿಗೆ ಹೊಸ ನಂಬರು ಮಾತ್ರ ಕೆಲವೇ ದಿನದಲ್ಲಿ ಬಂತು. ತೆರಿಗೆ ಕಟ್ಟುತ್ತೇನೆಂದು ಬರುವವರನ್ನು ಈಗ ಯಾರೂ ಬಾಗಿಲಲ್ಲಿ ಕಾಯಿಸುವುದಿಲ್ಲ. ಆದರೆ ಕೊಬ್ಬರಿ ಕೊಳ್ಳಲು ಕೈಯಲ್ಲಿ ದುಡ್ಡಿರಲಿಲ್ಲ. ಮಳೆ ಹಿಡಿಯುವ ಮೊದಲು ಒಣಗಿಸಿ ತುಂಬಿಕೊಳ್ಳದಿದ್ದರೆ ಮಿಲ್ಲು ಮುಚ್ಚಬೇಕು. ಮುಚ್ಚಿದರೆ ಕೆಲಸದವರ ಬಾಕಿಯನ್ನು ಎರಡು ಕೆಲಸದ ದಿನದೊಳಗೆ ಚುಕ್ತಾ ಮಾಡಬೇಕೆಂದು ಹೊಸ ಕಾನೂನು. ವಿಮೆಯವರಿಗೂ ಒಂದು ಗಡುವು ಇದೆಯಂತೆ. ಅದು ಕಾಗದಪತ್ರಗಳೆಲ್ಲ ಸರಿ ಇದ್ದರೆ ಮಾತ್ರ ಶುರುವಾಗುತ್ತದೆ. ಸರಿ ಇದೆಯೇ ಇಲ್ಲವೇ ಎಂದು ಹೇಳುವವರೂ ಅವರೇ.

ನಮ್ಮ ಕಾಗದ ಸರಿ ಇರಲಿಲ್ಲ. ವಿಮೆಯಲ್ಲಿ ನನ್ನ ಹೆಸರಿನ ಮುಂದೆ 'ಡಾಟರ್ ಇನ್ ಲಾ' ಎಂದಿತ್ತು. ಕಚೇರಿಯ ಅಧಿಕಾರಿ ಉತ್ತರದ ಕಡೆಯವರು, ಕನ್ನಡವನ್ನು ಕಷ್ಟಪಟ್ಟು ಆಡುತ್ತಿದ್ದರು.

"ಮೇಡಂ, ನಿಮ್ಮ ಹಸ್ಬೆಂಡ್ ಬರಬೇಕು. ಇಲ್ಲ ಅಂದರೆ ಅವರ ಡೆತ್ ಸರ್ಟಿಫಿಕೇಟ್."

"ನಂಗೆ ಮದಿ ಆಯ್ಲಿಲ್ಲ ಸರ್."

"ಹಾಗಾದರೆ ಇವರ ಡಾಟರ್ ಇನ್ ಲಾ ಯಾರು?"

"ನಾನೇ."

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಚಹಾ ತಂದ ಸಿಬ್ಬಂದಿ ಊರಿನವರು. ಅವರು ಲೋಟ ಇಡುತ್ತಾ, "ಸರ್, ಸೊಸಿ ಅಂದ್ರೆ ನಮ್ಮಲ್ಲಿ ತಂಗಿ ಮಗಳಿಗೂ ಹೇಳ್ತ್ರ್" ಎಂದರು. ಇಡೀ ವಿಷಯ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಚಹಾ ತರುವವರ ಮಾತನ್ನು ಫೈಲಿಗೆ ಹಾಕುವ ಕ್ರಮವಿಲ್ಲ.

ಕೋಟೇಶ್ವರದಲ್ಲಿರುವ ಏಜೆಂಟರನ್ನು ಹುಡುಕಿಕೊಂಡು ಹೋದೆ. ಮಾವ ಬಾಯಲ್ಲಿ ಹೇಳಿದ್ದನ್ನು ಅಂದು ಇಂಗ್ಲಿಷಿನಲ್ಲಿ ತುಂಬಿದವರು ಅವರು.

"ಡಿಕ್ಷನರಿ ಕಂಡೇ ಬರ್ದದ್ದ್ ನಾ. ಸೊಸಿ ಅಂದ್ರೆ ಡಾಟರ್ ಇನ್ ಲಾ ಅಲ್ದಾ ಮರಾಯ್ತಿ?"

"ಮಾವಂಗ್ ಮಗನೇ ಇಲ್ಲ."

"ಅದ್ ಫಾರಮ್ಮಲ್ಲಿ ಕೇಣ್ಲಿಲ್ಲ." ಆಮೇಲೆ ದನಿ ತಗ್ಗಿಸಿದರು. "ತಿದ್ದುಕ್ ಹೋರೆ ಮಳಿಗಾಲ ಮುಗೀತ್ತ್. ಒಂದ್ ಅಫಿಡವಿಟ್ ಮಾಡ್ಸ್. ಮಗ ಇದ್ದಿದ್ದ, ನಿನ್ನ ಮದಿ ಆಯಿದ್ದ, ಸತ್ತ. ಇಲ್ದಿದ್ದವ ಸತ್ತ್ರೆ ಯಾರಿಗ್ ನಷ್ಟ?"

ಇಷ್ಟು ಚೊಕ್ಕವಾದ ದಾರಿಯನ್ನು ನನಗೆ ಅಲ್ಲಿಯವರೆಗೆ ಯಾವ ಕಚೇರಿಯೂ ತೋರಿಸಿರಲಿಲ್ಲ. ಸುಳ್ಳು ಹೇಳುವುದಿಲ್ಲ, ಅಫಿಡವಿಟ್ ಮಾಡಿಸಲು ನಾನು ಹೋದೆ. ಅಂಗಳದಲ್ಲಿ ಅಜ್ಜಿ ಖಾಲಿ ಚಾಪೆ ಕಾಯುತ್ತಿದ್ದರು. ಸಂಜೆ ಹೊತ್ತು ಘಟ್ಟದ ಮೇಲೆ ಮೋಡ ಕಟ್ಟುತ್ತಿತ್ತು.

ಕೋರ್ಟಿನ ಎದುರು ಟೈಪು ಮಾಡುವ ಹುಡುಗಿ ಚುರುಕು. ನನ್ನ ಹೆಸರು, ಊರು ಹಾಕಿ ಕೇಳಿದಳು.

"ಗಂಡನ ಹೆಸರ್?"

ನಾನು ಕೈಯಲ್ಲಿದ್ದ ಕಾಗದಗಳನ್ನು ಜೋಡಿಸತೊಡಗಿದೆ.

"ಅಕ್ಕಾ, ಗಂಡನ ಹೆಸರ್ ಹೇಳಿ. ತಂದಿ ಹೆಸರ್ ನಾ ಹಾಕಿ ಆಯ್ತ್, ಕಾಣಿ."

ಪರದೆಯ ಮೇಲೆ ಮಾವನ ಹೆಸರಿತ್ತು. ಅದರ ಮುಂದೆ 'ಇವರ ಮಗ' ಎಂದಿತ್ತು, ಹೆಸರಿಗೆ ಜಾಗ ಬಿಟ್ಟಿತ್ತು. ನಾನು ಹತ್ತು ವರ್ಷದವಳಿದ್ದಾಗ ಮಾವ ಬ್ರಹ್ಮಾವರದ ಕಡೆ ಹೆಣ್ಣು ನೋಡಲು ಹೋಗಿದ್ದರು. ಆ ಮನೆಯವರು, "ನಿಮ್ ಸೊಸಿನ ಎಲ್ ಬಿಡ್ತ್ರಿ?" ಎಂದು ಕೇಳಿದರಂತೆ. ಮಾವ ಕಾಫಿ ಕುಡಿಯದೆ ಎದ್ದು ಬಂದರು. ಮತ್ತೆ ಎಲ್ಲಿಗೂ ಹೋಗಲಿಲ್ಲ. ಇದನ್ನು ಅವರು ನನಗೆ ಹೇಳಿದವರೇ ಅಲ್ಲ, ಅಜ್ಜಿ ಹೇಳಿದ್ದು. ಯಾರಿಗಾಗಿ ಅವರಿಗೆ ಮಗ ಹುಟ್ಟಲಿಲ್ಲವೋ ಅವಳೇ ಕೂತು ಆ ಮಗನನ್ನು ಹುಟ್ಟಿಸಿ, ಮದುವೆಯಾಗಿ, ಕೊಂದು, ಐವತ್ತು ರೂಪಾಯಿ ಕೊಡುವುದು ನನ್ನಿಂದಾಗಲಿಲ್ಲ. ಟೈಪಾದಷ್ಟಕ್ಕೆ ದುಡ್ಡು ಕೊಟ್ಟು ಎದ್ದೆ.

ಗ್ರಾಮ ಲೆಕ್ಕಿಗರಲ್ಲಿ ವಂಶವೃಕ್ಷಕ್ಕೆ ಅರ್ಜಿ ಹಾಕಿದೆ. ಬಂದ ಕಾಗದದಲ್ಲಿ ಮಾವನ ಹೆಸರಿನ ಕೆಳಗೆ ಏನೂ ಇರಲಿಲ್ಲ. ಪಕ್ಕದಲ್ಲಿ ಅಮ್ಮ, ಅಮ್ಮನ ಕೆಳಗೆ ನಾನು. ಅದರ ಜೊತೆಗೆ ವಿಮಾ ಕಚೇರಿಗೆ ಒಂದು ಪುಟ ಬರೆದೆ. ನಮ್ಮಲ್ಲಿ ಮಗನ ಹೆಂಡತಿಯೂ ಸೊಸೆ, ತಂಗಿಯ ಮಗಳೂ ಸೊಸೆ, ನಾನು ಎರಡನೆಯವಳು ಎಂದು. ಅಧಿಕಾರಿ ಮೇಲಿನ ಕಚೇರಿಗೆ ಕಳಿಸುವುದಾಗಿ ಹೇಳಿದರು.

ಮೇಲಿನ ಕಚೇರಿಗಿಂತ ಮೊದಲು ಮಳೆ ಬಂತು. ಮಿಲ್ಲಿಗೆ ಬೀಗ ಹಾಕಿದೆ. ಅಮ್ಮನ ಬಳೆ ಅಡವಿಟ್ಟು ಇಬ್ಬರ ಬಾಕಿಯನ್ನೂ ಎರಡು ದಿನದೊಳಗೆ ತೀರಿಸಿದೆ. ಈ ವರ್ಷ ಕಾನೂನನ್ನು ಅಕ್ಷರಕ್ಕೆ ಅಕ್ಷರ ಪಾಲಿಸಿದವಳು ಬಹುಶಃ ನಾನೊಬ್ಬಳೇ. ಮೂರನೆಯ ದಿನ ಬೆಳಿಗ್ಗೆ ಅಜ್ಜಿ ಎಂದಿನ ಹೊತ್ತಿಗೆ ಕೊಡೆ ಹಿಡಿದು ಬಂದು ಜಗಲಿಯಲ್ಲಿ ಕೂತರು.

"ಕೆಲ್ಸ ಇಲ್ಲಲ್ಲ ಅಜ್ಜಿ" ಎಂದೆ.

"ಗೊತ್ತಿತ್ತ್. ಮನಿಯಂಗ್ ಕೂಕಂಡ್ ಎಂತ ಮಾಡುದ್?"

ದಿನಾ ಬಂದರು. ಒಂದು ಮಧ್ಯಾಹ್ನ ಅವರು ಇದ್ದಾಗಲೇ ಅಂಚೆಯಲ್ಲಿ ಕಾಗದ ಬಂತು. ಸಂಬಂಧ ತಿದ್ದಲಾಗಿದೆ, ನೀಸ್, ಅಂದರೆ ತಂಗಿಯ ಮಗಳು, ಎಂದು ದಾಖಲಿಸಲಾಗಿದೆ, ಹಣ ಮಂಜೂರಾಗಿದೆ. ಇಂಗ್ಲಿಷಿನಲ್ಲಿ ಅದಕ್ಕೊಂದು ಪದ ಮೊದಲಿನಿಂದಲೂ ಇತ್ತು.

"ಎಂತ ಬರದ್ರ್?" ಅಜ್ಜಿ ಕೇಳಿದರು.

"ನಾ ಮಾವನ ಸೊಸಿ ಹೌದಂಬ್ರ್."

"ಅದ್ನ್ ಹೇಳುಕ್ ಇಷ್ಟ್ ತಿಂಗ್ಳಾ? ನನ್ನ್ ಕೇಂಡಿರೆ ಅವತ್ತೇ ಹೇಳ್ತಿದ್ದೆ." ಕಾಲು ನೀಡಿ ಕೂತಿದ್ದವರು ಮಡಚಿಕೊಂಡರು. "ಸೈ, ಮಿಲ್ಲ್ ಯಾವಾಗ್ ತೆಗೂದ್?"

ಒಣಗಿದ ಕೊಬ್ಬರಿಯನ್ನು ತಿಪಟೂರಿನಿಂದ ತರಿಸಬಹುದು, ದರ ಜಾಸ್ತಿ ಅಷ್ಟೆ ಎಂದು ಹೇಳಲು ಹೊರಟೆ. ಬದಲಿಗೆ ಅಳು ಬಂತು. ಮಾವ ಹೋದ ದಿನ ಅಳು ಬಂದಿರಲಿಲ್ಲ, ಆಮೇಲೆ ಯಾವ ಕಚೇರಿಯಲ್ಲೂ ಬಂದಿರಲಿಲ್ಲ. ಅಜ್ಜಿ ನನ್ನ ಕಡೆ ನೋಡಲಿಲ್ಲ. ಬಾಗಿಲ ಹಿಂದಿನ ಮೊಳೆಯಿಂದ ಬೀಗದ ಕೈ ತೆಗೆದುಕೊಂಡು, ಕೊಡೆ ಬಿಡಿಸಿ, ಮಿಲ್ಲಿನ ಕಡೆ ನಡೆದರು.